ಸಂದು

ಸೇಂಟ್ ಲೂಯಿಸಿನ ದಕ್ಷಿಣದಲ್ಲಿ ಊರಿಗೆ ಊರೇ ಸುಟ್ಟ ಮಣ್ಣು.
ನೆಲದಡಿ ಜೇಡಿ, ಜೇಡಿಗೆ ತೋಡಿದ ಹಳೆಯ ಗಣಿ,
ಅದೇ ಕೆಂಪು ಮೇಲೆದ್ದು ನಿಂತದ್ದು ಮನೆ.
ನಾನು ರೆಫಿಕ್. ಬೋಸ್ನಿಯಾದಿಂದ ಬಂದಾಗ
ಕೈಯಲ್ಲಿ ಅಪ್ಪನ ಕರಣೆ ಇತ್ತು ಅಂದರೆ ಕಥೆ ಚೆಂದ.
ಇರಲಿಲ್ಲ. ಕರಣೆ ಇಲ್ಲೇ ಕೊಂಡದ್ದು, ಹನ್ನೊಂದು ಡಾಲರಿಗೆ.

ವರ್ಲೀನ್ ಟಿಬ್ಸ್ ಫೋನಿನಲ್ಲಿ ಹೇಳಿದ್ದಿಷ್ಟು:
"ನನ್ನ ಮನೆ ಚರ್ಮ ಸುಲಿದುಕೊಳ್ತಾ ಇದೆ."
ನಿಜ. ಪಡುವಣ ಗೋಡೆಯಲ್ಲಿ, ಕಿಟಕಿಯ ಕೆಳಗೆ,
ಇಟ್ಟಿಗೆಯ ಮುಖ ಬಿಲ್ಲೆಬಿಲ್ಲೆಯಾಗಿ ಉದುರಿ
ಒಳಗಿನ ಹಸಿ ಕಿತ್ತಳೆ ಕಾಣುತ್ತಿತ್ತು.
ಸಂದುಗಳಲ್ಲಿ ಮಾತ್ರ ಬೂದು ಸಿಮೆಂಟು,
ಕೂದಲೂ ಕೊಂಕದೆ,
ಊಟ ಮುಗಿದ ಮೇಲೂ ಏಳದ ನೆಂಟನ ಹಾಗೆ.

ಎಲ್ಲರಿಗೂ ಹೇಳುವುದನ್ನೇ ಹೇಳಿದೆ:
ಗೋಡೆಗೆ ಕಿವಿಯಿದೆ ಅನ್ನುತ್ತಾರೆ, ನಾ ಕಾಣೆ. ಮೂಗಂತೂ ಇದೆ.
ಕುಡಿದ ಮಳೆಯನ್ನು ಅದು ಸಂದಿನ ಸುಣ್ಣದಲ್ಲಿ
ಉಸಿರಾಗಿ ಬಿಡಬೇಕು. ನೀವು ಮೂಗು ಮುಚ್ಚಿದ್ದೀರಿ.
ಒಳಗೇ ಕೂತ ನೀರು ಜನವರಿಯಲ್ಲಿ ಹೆಪ್ಪುಗಟ್ಟಿ, ಊದಿ,
ಇಟ್ಟಿಗೆಯ ಮುಖವನ್ನೇ ಒದ್ದು ಹೊರಡುತ್ತದೆ.
ಗಾರೆ ಇಟ್ಟಿಗೆಗಿಂತ ಮೆತ್ತಗಿರಬೇಕು ಮೇಡಂ.
ಮೆತ್ತಗಿದ್ದರೆ ಮತ್ತೊಂದು ಗುದ್ದು. ಸರಿಯೇ,
ಆ ಗುದ್ದು ತಿನ್ನಲಿಕ್ಕೇ ಅದನ್ನು ಅಲ್ಲಿಟ್ಟದ್ದು.

"ಯಾವ ಕತ್ತೆ ಮಾಡಿದ್ದಿದು?" ಬಾಯಿ ಜಾರಿತು.

ಬಸ್ಸು ಓಡಿಸುವ ಸಮವಸ್ತ್ರದಲ್ಲೇ ಇದ್ದಳು.
ಕೀಲಿಗೊಂಚಲನ್ನು ಆ ಕೈಯಿಂದ ಈ ಕೈಗೆ ದಾಟಿಸಿದಳು.
"ಕ್ಲೈಡ್. ಎರಡು ಬೇಸಿಗೆ, ಭಾನುವಾರಗಳಲ್ಲಿ.
ಆಮೇಲೆ ಅವನ ಕೈ ಅವನ ಮಾತು ಕೇಳೋದು ಬಿಟ್ಟಿತು."

ಸೆಪ್ಟೆಂಬರಿನ ಮೂರು ವಾರ
ಸಾರುವೆಯ ಮೇಲೆ ನಾನು ಮತ್ತು ಕ್ಲೈಡ್.
ಉಳಿಯಿಟ್ಟು ಕೆತ್ತಿದಂತೆಲ್ಲ ಆಸಾಮಿ ಗುರುತಾದ:
ಎಡಗೈಯವ; ಎಳೆತ ಬಲದಿಂದ ಎಡಕ್ಕೆ.
ಮೊದಲ ವರಸೆಗಳಲ್ಲಿ ಗಾರೆ ಚೆಲ್ಲಾಪಿಲ್ಲಿ,
ಏಳನೆಯದರಲ್ಲಿ ಕೈ ಕೂತಿದೆ, ಹನ್ನೆರಡನೆಯದಕ್ಕೆ ನಾನೇ ತಲೆದೂಗಿದೆ.
ಆಳದ ಒಂದು ತೂತಿಗೆ ಪೆಪ್ಪರ್‌ಮಿಂಟಿನ ಬೆಳ್ಳಿಕಾಗದ ತುರುಕಿದ್ದ, ಕಳ್ಳ.
ಮೇಲೇರಿದಂತೆ ಗೆರೆ ನಡುಗಲು ಶುರು.
ಕಿಟಕಿಯ ಮಟ್ಟದಲ್ಲಿ, ಸಂದಿನ ಅರ್ಧಕ್ಕೆ, ನಿಂತಿದೆ.
ಅಲ್ಲಿಂದ ಮುಂದೆ ನೂರು ವರ್ಷದ ಹಳೇ ಸುಣ್ಣ,
ಇಟ್ಟಿಗೆ ಒಂದೂ ಒಡೆದಿಲ್ಲ.
ಇದನ್ನು ನಾನು ಅವಳಿಗೆ ಹೇಳಲಿಲ್ಲ.

ಬದಲಿ ಇಟ್ಟಿಗೆ ತಂದಿಳಿಸಿದ ದಿನ
ಒಂದನ್ನು ತಿರುಗಿಸಿ ನೋಡಿದಳು. "ಇದು ಯಾರ ಮನೆ?"
ಅವಳು ಹುಟ್ಟಿದ್ದು ಊರಿನ ಉತ್ತರಕ್ಕೆ; ಅಲ್ಲಿ ಖಾಲಿ ಮನೆಗಳು
ರಾತ್ರಿ ಇದ್ದು ಬೆಳಿಗ್ಗೆ ಇರುವುದಿಲ್ಲ,
ಲಾರಿ ಹತ್ತಿ ಹೋಗಿರುತ್ತವೆ.
ರಸೀದಿ ತೋರಿಸಿದೆ. ಎರಡು ಸಲ ಓದಿದಳು.
ನಾನೂ ಒಂದು ಮನೆಯ ಇಟ್ಟಿಗೆಗಳನ್ನು ಹೀಗೇ ತಿರುಗಿಸಿದ್ದೆ,
ನಮ್ಮ ಊರಿಗೆ ಮರಳಿ ಹೋದ ವರ್ಷ,
ನೆರೆಯವನ ಹಂದಿಗೂಡಿನಲ್ಲಿ.
ರಸೀದಿ ಯಾರೂ ತೋರಿಸಲಿಲ್ಲ.

ಅರಳಿದ ಸುಣ್ಣ, ಮೆರಾಮೆಕ್ ಹೊಳೆಯ ಮರಳು,
ಬೆರಳಿಗೆ ಹತ್ತಿಯೂ ಹತ್ತದಂತೆ ಕಲಸಿದೆ.
ಗಾರೆಗೆ ಅವಸರವಿಲ್ಲ. ವಾರವಿಡೀ ಗೋಣಿಯ ನೆರಳು, ನೀರ ಸಿಂಚನ.
ಬೆಳಗಿನ ನಾಲ್ಕಕ್ಕೆ, ಬಸ್ಸು ತೆಗೆಯುವ ಮುನ್ನ,
ಹಣೆಗೆ ದೀಪ ಕಟ್ಟಿಕೊಂಡು ಅವಳೇ ಸಿಂಪಡಿಸಿದಳು.

ಕೊನೆಗೆ ಉಳಿದದ್ದು ಜಗುಲಿಯ ಮಾಡಿನಡಿ ಐದು ಅಡಿ,
ಹನಿಯೂ ತಾಗದ ಜಾಗ. "ಅದು ಇರಲಿ," ಅಂದಳು.
ಕೆಲಸದ ಲೆಕ್ಕಕ್ಕೆ ತಪ್ಪು. ಅಲ್ಲಿಯೂ ಸಿಮೆಂಟೇ, ಬೂದಿಯೇ,
ನನ್ನ ಬಿಳಿಯ ಪಕ್ಕದಲ್ಲಿ ಎದ್ದು ಕಾಣುತ್ತದೆ.
ದಾರಿಯಲ್ಲಿ ಹೋಗುವ ಗಾರೆಯವನೊಬ್ಬ ನಿಂತು
ಯಾವ ಕತ್ತೆ ಮಾಡಿದ್ದು ಅಂತ ಕೇಳಿಯೇ ಕೇಳುತ್ತಾನೆ.

ಬಿಲ್ಲಿನಲ್ಲಿ ಐದು ಅಡಿ ಕಳೆದು ಬರೆದೆ.
ಅವಳು ಹೊಡೆದು ಹಾಕಿ ಪೂರ್ತಿ ಹಣ ಎಣಿಸಿದಳು:
"ಬಿಟ್ಟದ್ದೂ ಕೆಲಸವೇ, ರೆಫಿಕ್."