ಮೂರು ದಿನದ ಸೌದೆ

ಕಂಬ ನಂಬರು ನಲವತ್ತೇಳು. ಅದರ ನೆತ್ತಿಯಲ್ಲಿ
ಒಬ್ಬ ಮುದುಡಿ ಮಲಗಬಹುದಾದಷ್ಟು ಅಗಲದ ಗೂಡು.
ಅದಕ್ಕಿಂತ ಎರಡು ಮೊಳ ಕೆಳಗೆ ಹೈಕಾನುಷಜ್ಜಿಯ ಮಾಡು.
ಒಣಹಾಕಿದ ಜರ್ದಾಳು ಹೋಳುಗಳ ನಡುವೆ
(ಒಂದನ್ನೂ ತುಳಿಯಬೇಡ ಅಂದಿದ್ದಾಳೆ)
ಮುಕ್ಕಾಲಿ ಊರಿ, ಗೋಣಿತಟ್ಟು ಹೊದ್ದು
ಬೆಳಗಿನ ನಾಲ್ಕೂವರೆಯಿಂದ ಕೂತಿದ್ದೇನೆ.

ಪೇಟೆಯಲ್ಲಿ ನನ್ನದೊಂದು ಸ್ಟುಡಿಯೋ.
ಪಾಸ್‌ಪೋರ್ಟಿಗೆ ಕಿವಿ ಕಾಣುವ ಹಾಗೆ,
ಮದುವೆಗೆ ಹಲ್ಲು ಕಾಣುವ ಹಾಗೆ,
ಗೋರಿಯ ಕರಿಕಲ್ಲಿನ ಮೇಲೆ ಕೆತ್ತುವುದಕ್ಕೆ
ಯಾವುದೂ ಹೆಚ್ಚು ಕಾಣದ ಹಾಗೆ ತೆಗೆಯುತ್ತೇನೆ.
ಕೊಕ್ಕರೆಗೆ ಇದ್ಯಾವುದೂ ಬೇಡ.
ನಾನಿರುವುದು ಅದಕ್ಕೆ ಗೊತ್ತು. ಗೊತ್ತಿದ್ದೇ
ಬೆನ್ನು ತಿರುಗಿಸಿ ಹಿಕ್ಕೆ ಹಾಕುತ್ತದೆ.

ಗಂಡು ಬಂತು, ಮೀನುಹೊಂಡಗಳ ಕಡೆಯಿಂದ,
ಕೆಂಪು ಕಾಲು ಹಿಂದಕ್ಕೆ ಚಾಚಿ, ಒಮ್ಮೆಯೂ ರೆಕ್ಕೆ ಬಡಿಯದೆ.
ಅದರ ಹಿಂದೆ ಹಿಮದ ಅರಾರಾತ್:
ನಮ್ಮ ಕಣ್ಣಿನ ಬೆಟ್ಟ, ಆಚೆಯವರ ನೆಲದ ಬೆಟ್ಟ.
ನಡುವೆ ಹೊಳೆ, ತಂತಿಬೇಲಿ, ಕಾವಲುಗೋಪುರ.
ಇವತ್ತು ಆಗಲೇ ಎರಡು ಸಲ ಆಚೆ ಹೋಗಿ ಬಂದಿದೆ.
ಕಪ್ಪೆ ಯಾವ ದೇಶದ್ದೋ.

ಕೂಗು ಇಲ್ಲದ ಹಕ್ಕಿ. ಕತ್ತನ್ನು ಬೆನ್ನಿಗೆ ಬಾಗಿಸಿ
ಕೊಕ್ಕು ಕುಟ್ಟುತ್ತದೆ, ಕಟಕಟಕಟಕಟ,
ಖಾಲಿ ಮನೆಯ ಹಲಗೆಬಾಗಿಲು ಯಾರೋ ತಟ್ಟಿದಂತೆ.
ಹೆಣ್ಣೂ ತಟ್ಟಿತು. ಮೂರು ಮರಿ ತಾವೂ ತಟ್ಟಲು ನೋಡಿದವು,
ಸದ್ದು ಬರಲಿಲ್ಲ.
ನಾನು ಬಿಡದೆ ಒತ್ತುತ್ತಿದ್ದೆ. ಎಲ್ಲ ಸಿಕ್ಕಿತು,
ಗೂಡಿನ ಪಕ್ಕೆಯಲ್ಲಿ ಸಂಸಾರ ಹೂಡಿದ ಗುಬ್ಬಿಗಳು ಕೂಡ.

ಅಜ್ಜಿ ಏಣಿ ಹತ್ತಿ ಬಂದಳು, ಕೈಯಲ್ಲಿ ಕಾಫಿ.
ಕ್ಯಾಮೆರಾದ ಪುಟ್ಟ ಪರದೆಗೆ ಮೂಗು ತಾಗಿಸಿದಳು.
"ಚೆನ್ನಾಗಿದೆ. ಹಳೆ ಗೂಡು ಇದರ ಎರಡರಷ್ಟಿತ್ತು."
"ಬಿದ್ದುಹೋಯಿತೆ?"
"ಸುಟ್ಟುಕೊಂಡೆವು."

ಆಮೇಲೆ ಹೋಳು ಮಗುಚುತ್ತ ಮಗುಚುತ್ತ, ನನ್ನತ್ತ ನೋಡದೆ:
ತೊಂಬತ್ತಮೂರರ ಚಳಿ. ತಂತಿಯಲ್ಲಿ ಕರೆಂಟಿಲ್ಲ,
ಹಾಗಾಗಿ ಕಂಬ ಹತ್ತಲು ಭಯವೂ ಇಲ್ಲ.
ಬೀದಿಯ ಮರ ಮುಗಿದಿದ್ದವು, ಶಾಲೆಯ ಬೆಂಚು ಮುಗಿದಿದ್ದವು.
ಗಾರೆಗಿನ್ ಹಗ್ಗ ಕಟ್ಟಿ ಹತ್ತಿದ, ನಾನು ಕೆಳಗೆ ಕಂಬಳಿ ಹಿಡಿದೆ.
ಏನೇನು ಬಿತ್ತು ಅಂತೀಯ! ದ್ರಾಕ್ಷಿಬಳ್ಳಿ, ಎಲುಬು,
ಯಾರದೋ ಮಗುವಿನ ಒಂಟಿ ಕಾಲುಚೀಲ,
ನಾನೇ ಕಳಕೊಂಡಿದ್ದ ಮರದ ಸೌಟು.
ಮೂರು ದಿನ ಉರಿಯಿತು.
ಆ ಬಿಸಿಯಲ್ಲೇ ನಿನ್ನಮ್ಮ, ನಮ್ಮ ಒಲೆಯ ಪಕ್ಕ, ನಿನ್ನ ಹೆತ್ತಳು.

ಮಾರ್ಚಿಯಲ್ಲಿ ಅವು ಬಂದವು, ಆಫ್ರಿಕಾದಿಂದಲಂತೆ.
ಬೋಳು ಕಂಬದ ಮೇಲೆ ನಿಂತು
ತಟ್ಟಿದವು. ತಟ್ಟೇ ತಟ್ಟಿದವು.
ನಾನು ಕಿಟಕಿಯ ಪರದೆ ಎಳಕೊಂಡೆ.
ಮರುದಿನ ಗಾರೆಗಿನ್ ಮಾತಾಡದೆ
ತನ್ನ ಸೈಕಲ್ಲಿನ ಹಿಂದಿನ ಗಾಲಿ ಬಿಚ್ಚಿ
ಕಂಬದ ತಲೆಗೆ ಮಲಗಿಸಿ ಬಿಗಿದ. ಆಮೇಲೆ ಅವನು
ಸಾಯುವವರೆಗೂ ನಡೆದೇ ಓಡಾಡಿದ.

ಚಿತ್ರವನ್ನು ಹಿಗ್ಗಿಸಿದೆ, ಇನ್ನೂ ಹಿಗ್ಗಿಸಿದೆ.
ಪುಳ್ಳೆಗಳ ಅಡಿಯಲ್ಲಿ ತುಕ್ಕಿನ ಒಂದು ಬಾಗು,
ಅದರಿಂದ ಹೊರಟ ನಾಲ್ಕು ತಂತಿಕಡ್ಡಿ.
ಬೆಳಗಿನಿಂದ ತೆಗೆದ ನಾನೂರು ಚಿತ್ರದಲ್ಲೂ ಇತ್ತು.

"ಕಾಫಿ ಆರಿತು," ಅಂದಳು ಅಜ್ಜಿ.
"ನಿನ್ನ ಮೊಣಕಾಲ ಕೆಳಗೆ ಎರಡು ಹೋಳು ಅಪ್ಪಚ್ಚಿ. ಏಳು."