ಬಿಳಿ ಹಿನ್ನೆಲೆ

ಹದಿನೇಳು ವರ್ಷದಿಂದ ಮುಖಗಳಿಗೆ ನಾನು ಹೇಳಿದ್ದು ಇಷ್ಟೇ:
ಗದ್ದ ಸ್ವಲ್ಪ ಮೇಲೆ. ಕಣ್ಣು ಮಿಟುಕಬೇಡಿ. ಹಾಂ, ಆಯ್ತು.
ದಾವಣಗೆರೆಯ ಮಂಡಿಪೇಟೆ, ಮಹಡಿ ಮೆಟ್ಟಿಲು, ಎರಡು ಕೊಡೆದೀಪ,
ಗೋಡೆಗೆ ಇಳಿಬಿಟ್ಟ ಹಿಮಪರ್ವತದ ಪರದೆ.
ಹಿಮದ ಮೇಲೆ ಹೋದ ಮಳೆಗಾಲದ ಒದ್ದೆ ಕಲೆ.
ಮದುವೆ ಗೊತ್ತಾದವರನ್ನು ಆ ಕಲೆ ಮುಚ್ಚುವಂತೆ ನಿಲ್ಲಿಸುತ್ತೇನೆ.

ಒಂದು ಸೋಮವಾರ ಬಾಗಿಲು ತೆರೆಯಲಿಲ್ಲ.
ಬಾಡಿಗೆಗೆ ತಂದ ಉದ್ದನೆಯ ಲೆನ್ಸು, ದಿನಕ್ಕೆ ಒಂಬೈನೂರು,
ಕೂಸಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು
ಜಗಳೂರು ಬಸ್ಸು ಹತ್ತಿದೆ.
"ಏನಕ್ಕಾ ಅದು, ಫಿರಂಗಿನಾ?" ಅಂದ ಕಂಡಕ್ಟರ್,
ಅದಕ್ಕೂ ಅರ್ಧ ಟಿಕೆಟ್ ಹರಿಯುವವನಂತೆ ನಕ್ಕ.

ಮೆಕ್ಕೆಜೋಳ ಮುಗಿದು, ಊರು ಮುಗಿದು, ನೆರಳು ಮುಗಿದು
ಬಡಗಲಿಗೆ ಬರೀ ಗುಡ್ಡ.
ನೆತ್ತಿಯ ಮೇಲೆ ಗಾಳಿಫ್ಯಾನುಗಳು
ಯಾರನ್ನೋ ಬೇಡ ಬೇಡವೆಂದು ಕೈಬೀಸಿ ವಾಪಸು ಕಳಿಸುತ್ತಿದ್ದವು.

ಕಾಟಯ್ಯ ಗೇಟಿನಲ್ಲಿದ್ದ. ಮೇಲೆ ಖಾಕಿ, ಕೆಳಗೆ ಲುಂಗಿ.
"ಕೊಂಡುಕುರಿ ನೋಡಾಕೆ ಬಂದ್ರಾ?
ಅದು ನಿಮ್ಮನ್ನ ಆಗಲೇ ನೋಡೈತಿ."

ಕಾರೆ ಮುಳ್ಳು ಸೆರಗು ಹಿಡಿಯಿತು. ಬಂದರಿಕೆ ಪೊದೆ ಒಣಗಿ ಗಲಗಲ ಅಂದಿತು.
ನಾಲ್ಕು ಕೊಂಬಂತೆ, ನನ್ನ ಸೊಂಟಕ್ಕೂ ಬಾರದಂತೆ,
ಒಂಟಿಯಾಗೇ ಇರುತ್ತದಂತೆ.
ಅಂತೆಗಳನ್ನೇ ಎಣಿಸುತ್ತ ಅವನ ಹಿಂದೆ ನಡೆದೆ.
ಕಮರದ ಬುಡದಲ್ಲಿ ನಿಂತ:
ಕಪ್ಪು ಹಿಕ್ಕೆಯ ಗುಡ್ಡೆ, ಹಳೆಯದರ ಮೇಲೆ ಹೊಸದು.
"ದಿನಾ ಇಲ್ಲೇ ಬರತೈತಿ.
ಮನೆ ಇಲ್ಲದಿದ್ರೂ ವಿಳಾಸ ಐತಿ."
ಮಂಡಿಯೂರಿ ಹಿಕ್ಕೆಯ ಪಟ ತೆಗೆದೆ.
ಗದ್ದ ಮೇಲೆ ಅನ್ನಲು ಮತ್ತೇನೂ ಇರಲಿಲ್ಲ.

ಕಾದೆವು.
ಬಿಸಿಲು ಬಂಡೆಯ ಒಂದು ಮಗ್ಗುಲಿಂದ ಇನ್ನೊಂದಕ್ಕೆ ಹೊರಳಿತು.
ಕೌಜುಗವೊಂದು ಯಾರನ್ನೋ ಬೈದು ಸುಮ್ಮನಾಯಿತು.
ನನ್ನ ಚೀಲದ ಮಂಡಕ್ಕಿ ಪೊಟ್ಟಣ ಮುಟ್ಟದೆಯೂ ಸದ್ದು ಮಾಡಿತು,
ಕಾಟಯ್ಯ ಅದನ್ನು ನೋಡಿದ, ನನ್ನನ್ನು ನೋಡಿದ, ಏನೂ ಅನ್ನಲಿಲ್ಲ.
ಆಮೇಲೆ ಇಬ್ಬರೂ ತಿಂದೆವು, ಒಂದೊಂದೇ ಕಾಳು, ಕಳ್ಳರಂತೆ.

ಹೊತ್ತು ಇಳಿಯುವಾಗ ಕೇಳಿದ:
"ನಂದೊಂದು ಹೊಡೀತೀರಾ?
ಇಪ್ಪತ್ತೆರಡು ವರ್ಷ ಆತು ದಿನಗೂಲಿ. ಈಗ ಕಾಗದ ಕೇಳ್ಯಾರೆ,
ಎಂಟು ಪಟ. ಹಿಂದೆ ಬೆಳ್ಳಗಿರಬೇಕಂತೆ."

ತಲೆವಸ್ತ್ರ ಬಿಚ್ಚಿ ಮುಖ ಒರೆಸಿ, ಕೊರಳ ಗುಂಡಿ ಹಾಕಿಕೊಂಡ.
ಉದ್ದನೆಯ ಲೆನ್ಸಿನಲ್ಲಿ ಮುಖ ಹಿಡಿಯಲಿಲ್ಲ,
ಮೂವತ್ತು ಹೆಜ್ಜೆ ಹಿಂದೆ ಸರಿದು ಕೂಗಿದೆ: ಗದ್ದ ಮೇಲೆ!
ಎದುರು ಗುಡ್ಡವೂ ಮೇಲೆ ಅಂದಿತು.
ದಿನವೆಲ್ಲ ಕಣ್ಣಲ್ಲೇ ನಕ್ಕವನು
ಈಗ ಉಸಿರು ಕಟ್ಟಿ, ಕಿವಿ ನಿಮಿರಿಸಿ,
ಬೆಳಗಿನಿಂದ ನಾನು ಹುಡುಕಿದ ಪ್ರಾಣಿಯಂತೆ ನಿಂತ.
ಕಣ್ಣು ಮಿಟುಕಬೇಡಿ ಎಂದು ಹೇಳಬೇಕಾಗಲಿಲ್ಲ.

ರಾತ್ರಿ ಸ್ಟುಡಿಯೋದಲ್ಲಿ ಹಿನ್ನೆಲೆ ಅಳಿಸುತ್ತ ಕುಳಿತೆ.
ಗುಡ್ಡ ಹೋಯಿತು. ಕಮರ ಹೋಯಿತು. ಫ್ಯಾನಿನ ಒಂದು ರೆಕ್ಕೆ,
ಸಂಜೆ, ಎಲ್ಲ.
ಎಡಗಿವಿಯ ಪಕ್ಕ ಮೌಸು ನಿಂತಿತು.
ಅಲ್ಲೊಂದು ಕಂದು ಮಸುಕು.
ಕೆಳಗೆ ನಾಲ್ಕು ಗೆರೆ, ಕಾಲಿರಬಹುದು, ಹುಲ್ಲೂ ಇರಬಹುದು.
ಮೇಲೆ ಏನೋ ಚೂಪು, ಮುಳ್ಳೇ ಇರಬೇಕು.
ಹಿಗ್ಗಿಸಿದಷ್ಟೂ ಅದು ಚೌಕ ಚೌಕವಾಗಿ ನನ್ನಿಂದ ದೂರ ಹೋಯಿತು.

ಬೆಳ್ಳಗಿರಬೇಕಂತೆ.
ಅಳಿಸಿದೆ. ಎಂಟು ಪ್ರತಿ ತೆಗೆದು ಲಕೋಟೆಗೆ ಹಾಕಿದೆ.
ಅಳಿಸದ ಒಂದನ್ನು
ಬಾಕಿ ಬರೆಯುವ ಪುಸ್ತಕದಲ್ಲಿಟ್ಟೆ.

ಮರುದಿನ ಫೋನ್ ಮಾಡಿದೆ:
ನೀವು ನಿಂತಿದ್ರಲ್ಲ, ಹಿಂದೆ, ಬಂದರಿಕೆ ಪೊದೆ ಹತ್ತಿರ,
ಕಂದು ಬಣ್ಣದ ಒಂದು ಕಲ್ಲಿದೆಯಾ?

ಫೋನಿನ ತುಂಬ ಗಾಳಿ. ತುಂಬಾ ಹೊತ್ತು ಗಾಳಿ.

"ಇಲ್ಲಕ್ಕಾ.
ಆ ಕಡೆ ಕಲ್ಲೇ ಇಲ್ಲ."