ಪುೞಕ್ಕರೆ ಎಂಬ ಬಿಲ್ಲೆ

ಕುಂಞಾಲಿಮ ಬಂದದ್ದು ರಿಕ್ಷಾದಲ್ಲಿ,
ಮಡಿಲಲ್ಲಿ ಮರದ ಹಲಗೆಯ ತುಂಡು.
ಆರು ಪಥದ ರಸ್ತೆಗೆ ಹೋದ ಗೇಟಿನದಂತೆ.
ಅಕ್ಷರ ಒಂದೂ ಉಳಿದಿರಲಿಲ್ಲ, ಮೊಳೆ ಎರಡಿದ್ದವು.
'ಮನೆಹೆಸರು ಬರೆದುಕೊಡು, ಮಣ್ಣಿನಲ್ಲಿ.
ಮಣ್ಣನ್ನು ಗೆದ್ದಲು ತಿನ್ನುವುದಿಲ್ಲವಲ್ಲ.
ಕನ್ನಡದಲ್ಲೇ ಬರೆ. ಮೂರನೇ ಕ್ಲಾಸಿನವರೆಗೆ ಕಲಿತದ್ದು,
ನನಗೆ ಓದಲು ಬರುವುದು ಅದೊಂದೇ.
ಸುತ್ತ ಕೇದಗೆಯ ಪೊದೆ ಇರಲಿ, ಮುಳ್ಳು ಸಮೇತ.'

ಬಂದ್ಯೋಡಿನ ಓಣಿಯಲ್ಲಿ ನನ್ನ ಕೊಟ್ಟಗೆ.
ಅಪ್ಪ ಐತಪ್ಪ ಮೂಲ್ಯ ಮಡಕೆ ಸುಟ್ಟ ಆವಗೆಯ ಜಾಗದಲ್ಲಿ
ಈಗ ಕುಟುಂಬಶ್ರೀ ಸಾಲದ ಕರೆಂಟಿನ ಗೂಡು.
ಅಪ್ಪ ತಟ್ಟಿದ್ದು ದುಂಡಗೆ, ನಾನು ತಟ್ಟುವುದು ಚಪ್ಪಟೆ.
'ಬಗ್ಗುತ್ತದೆ ನೋಡು, ಮಣ್ಣಿಗೆ ಚಪ್ಪಟೆ ಎಂದರೆ ಸಿಟ್ಟು'
ಎನ್ನುತ್ತಿದ್ದ. ನಿಜ.
ನಾಲ್ಕು ಮೂಲೆಗೂ ಒದ್ದೆ ಬಟ್ಟೆ ಹೊದಿಸಿ
ಹನ್ನೊಂದು ದಿನ ಅದರ ಸಿಟ್ಟು ಇಳಿಸಬೇಕು.

ಹೆಸರು ಹೇಳಿ ಎಂದೆ, ಪೆನ್ಸಿಲು ಹಿಡಿದು.
'ಪೊಯಕ್ಕರೆ' ಎಂದಳು ಮುದುಕಿ.
ರೇಷನ್ ಕಾರ್ಡಿನಲ್ಲಿ ಪುಳಕ್ಕರೆ.
ಮೊಮ್ಮಗಳು ನಫ್ಲ, ಮಲಯಾಳ ಮಾಧ್ಯಮದ ಒಂಬತ್ತನೆಯವಳು,
ನಾಲಗೆಯನ್ನು ಹಿಂದಕ್ಕೆ ಸುತ್ತಿ
ಎಲ್ಲೂ ತಾಗಿಸದೆ ಏನನ್ನೋ ಹರಿಸಿದಳು:
ಳ ಅಲ್ಲ, ಯ ಅಲ್ಲ, ರ ಕೂಡ ಅಲ್ಲ.
'ಹಾಗೆ ಬರೆಯಿರಿ.'
ಕನ್ನಡದಲ್ಲಿ ಅದಿಲ್ಲ ಮಗಾ ಎಂದೆ.
'ಹಾಗಾದರೆ ನಿಮ್ಮ ಕನ್ನಡದಲ್ಲಿ ಹೊಳೆಯೇ ಇಲ್ಲವಾ?'

ಮೀನಂಗಡಿಯೆದುರು ವೆಂಕಪ್ಪ ಮಾಷ್ಟ್ರು ಸಿಕ್ಕಿದರು.
ಬಂಗುಡೆ ಕಟ್ಟಿದ ಕಾಗದದ ಒಣ ಅಂಚಿಗೆ
ಅಕ್ಷರವೊಂದನ್ನು ಗೀಚಿದರು:
ೞ
'ಇತ್ತು. ಕಲ್ಲುಗಳ ಮೇಲೆ ಈಗಲೂ ಇದೆ.
ಯಾಕೆ ಬಿಟ್ಟೆವು ಅಂತ ಕೇಳಬೇಡ,
ನಾನು ನಿವೃತ್ತನಾಗಿ ಇಪ್ಪತ್ತು ವರ್ಷ.'

ಮದರಂಗಿಯ ಕೋನಿನಲ್ಲಿ ತೆಳು ಕೆಸರು ತುಂಬಿ
ಗೆರೆ ಹಿಂಡಿದೆ. ಒಣಗಿ ಎದ್ದು ನಿಂತರೆ ಅದೇ ದಂಡೆ;
ದಂಡೆಗಳ ನಡುವೆ ಬಣ್ಣ, ಸಿರಿಂಜಿನಿಂದ, ತೊಟ್ಟು ತೊಟ್ಟು.
ಪು ಸುಲಭ.
ಕ್ಕ ಗೊತ್ತು, ಒತ್ತಿನ ಕೊಕ್ಕೆ ಉದುರದಂತೆ ನೋಡಿದರಾಯಿತು.
ೞ ಬಂದಾಗ ಕೈ ನಿಂತಿತು.
ಎಲ್ಲಿಂದ ಶುರು ಮಾಡಬೇಕು ಎನ್ನುವುದೇ ತಿಳಿಯದ ಅಕ್ಷರ.
ಬಂಗುಡೆ ನಾರುವ ಕಾಗದ ಮುಂದಿಟ್ಟುಕೊಂಡು
ಹಚ್ಚೆ ಹಾಕುವವಳಂತೆ ಉಸಿರು ಕಟ್ಟಿ ಎಳೆದೆ.

ಕೋಬಾಲ್ಟು ಹಸಿಯಲ್ಲಿ ನೀಲಿಯಲ್ಲ, ಒಲೆಯ ಬೂದಿ.
ನೀಲಿ ಎಂದು ನಂಬಿ ತುಂಬಬೇಕು.
ಆ ರಾತ್ರಿ ವೋಲ್ಟೇಜು ಎರಡು ಸಲ ಬಿತ್ತು,
ಗೂಡು ಹೊತ್ತು ಮೀರಿ ಉರಿಯಿತು,
ನಾನು ಮೀಟರಿನ ಕೆಂಪು ಚುಕ್ಕೆ ನೋಡುತ್ತ
ಗೋಣಿಯ ಮೇಲೆ ಕೂತೇ ಇದ್ದೆ.

ಬೆರಳು ತಾಳುವಷ್ಟು ಆರಿದ ಮೇಲೆ ತೆರೆದೆ.
ಎಂಟಂಗುಲ ಏಳಾಗಿತ್ತು. ಅದು ಬೆಂಕಿಯ ಬಡ್ಡಿ, ತಕರಾರಿಲ್ಲ.
ಕೇದಗೆಯ ಮುಳ್ಳು ಒಂದೊಂದೂ ಇತ್ತು.
ಪು ಸರಿ, ಕ್ಕ ಸರಿ, ರೆ ಸರಿ.
ನಡುವಿನದು ಮಾತ್ರ ಗೆರೆ ದಾಟಿ ಹರಿದು
ಪೊದೆಯ ಬುಡದವರೆಗೆ ಒಂದು ನೀಲಿ ನಾಲಗೆ.

ಇನ್ನೊಂದು ಮಾಡುತ್ತೇನೆ ಎಂದೆ. ಇದಕ್ಕೆ ಹಣ ಬೇಡ ಎಂದೆ.
ಕುಂಞಾಲಿಮ ಕನ್ನಡಕ ಹುಡುಕಲಿಲ್ಲ.
ತೋರುಬೆರಳಿನಿಂದ ಓದಿದಳು, ಮೂರನೇ ಕ್ಲಾಸಿನ ವೇಗದಲ್ಲಿ.
ಪು...
ಬೆರಳು ನುಣುಪಿನಲ್ಲಿ ಜಾರಿ ಮುಳ್ಳಿಗೆ ತಾಗಿ ನಿಂತಿತು.
ನಫ್ಲ ಹೇಳಿಕೊಡಲು ಬಾಯಿ ತೆರೆದಳು,
ಮುದುಕಿ ಎಡಗೈಯೆತ್ತಿ ತಡೆದಳು.
ಹಿಂದಕ್ಕೆ ಬಂದು: ಕ್ಕ. ರೆ.
'ಹೊಳೆ ತಪ್ಪಿದೆ. ಕರೆ ಸರಿ ಇದೆ.
ನಮ್ಮಲ್ಲಿ ಯಾವತ್ತೂ ಹಾಗೆಯೇ. ಕಟ್ಟು.'

ಹಳೆ ಪೇಪರಿನಲ್ಲಿ ಸುತ್ತಿ, ಹುರಿ ಬಿಗಿದು, ದುಡ್ಡೆಣಿಸಿ,
ರಿಕ್ಷಾ ತಿರುಗಿದ ಮೇಲೆ
ನಾನೂ ಒಮ್ಮೆ ನಾಲಗೆ ಹಿಂದಕ್ಕೆ ಸುತ್ತಿದೆ,
ಯಾರೂ ಕೇಳದ ಹಾಗೆ.
ತಾಗಿಬಿಟ್ಟಿತು.
ಳ.